ಊರು ಮುಗಿಯುವ ಬೋರ್ಡು

“ಬೋಳಿಮಗನೆ, ಹಳ್ಳದ ಈ ಕಡೆ ಬೋರ್ಡಿಗೆ ಗುಂಡಿ ತೋಡು ಅಂದ್ರೆ ಸೇತುವೆ ದಾಟಿ ಎಲ್ಲಿಗೋ ಹೋಗ್ತೀಯ? ಊರು ಇಲ್ಲಿಗೇ ಮುಗೀತದೆ!”

ಬೈದವರು ಪುರಸಭೆಯ ಗುಮಾಸ್ತರು. ಬೈಸಿಕೊಂಡವನು ನನ್ನ ಚಿಕ್ಕಪ್ಪ. ಐವತ್ತೆಂಟು ವರ್ಷ ಹಳ್ಳದಾಚೆಗೇ ಬದುಕಿದ ಅವನು ಊರು ತನ್ನ ಮನೆಯವರೆಗೂ ಇದೆ ಎಂದುಕೊಂಡಿದ್ದ. ತಪ್ಪು ಅವನದೇ. ಗುದ್ದಲಿ ಹೆಗಲಿಗೇರಿಸಿ ವಾಪಸು ಬಂದ.

ನಮ್ಮೂರಿನ ಭೂಗೋಳ ಬಹಳ ಸುಲಭ. ದಿಣ್ಣೆಯ ಮೇಲೆ ಪೇಟೆ, ಪೇಟೆಯ ಚರಂಡಿಗಳೆಲ್ಲ ಇಳಿದು ಸೇರಿದರೆ ಹಳ್ಳ, ಹಳ್ಳದಾಚೆ ನಾವು. ಊರಿನ ಚರಂಡಿ, ಮನೆಗಳ ಪಾಯ, ಹೆಣದ ಗುಂಡಿ, ಏನೇ ತೋಡಬೇಕಿದ್ದರೂ ನಾವೇ ಬೇಕು. ಜನರನ್ನು ಎಣಿಸಲು ಬಂದ ಮೇಷ್ಟ್ರು ಮಾತ್ರ ಸೇತುವೆಯ ಮೇಲೆ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, ಹಾಗೇ ತಿರುಗಿ ಹೋದರು. ನಮ್ಮವು ಹನ್ನೊಂದು ಮನೆ, ಐವತ್ತಮೂರು ಜನ. ನೆಡಬೇಕಿದ್ದ ಊರಿನ ಬೋರ್ಡಿನ ಮೇಲೆ ನೀಟಾಗಿ ಬರೆದಿತ್ತು: ಜನಸಂಖ್ಯೆ 6,412. ನಾವು ಅದರಲ್ಲಿರಲಿಲ್ಲ.

“ಸಾಮಿ, ಹೊಸ ನೀರಿನ ಪೈಪು ನಮ್ಮ ಕಡೆಗೂ ಬರ್ತದಲ್ವಾ?” ಚಿಕ್ಕಪ್ಪ ಕೇಳಿದ.

“ಬೋರ್ಡಿನ ತನಕ. ಕಂಟ್ರಾಕ್ಟರು ಹೊರಗಿನೋನು, ಬೋರ್ಡು ಎಲ್ಲಿದೆಯೋ ಅಲ್ಲಿ ಕೊನೇ ನಲ್ಲಿ ಹಾಕಿ ಹೋಗ್ತಾನೆ. ಬಾಯ್ಮುಚ್ಕೊಂಡು ತೋಡು.”

ಅವ್ವ ದಿನಾ ಪೇಟೆಯ ನಲ್ಲಿಗೆ ಹೋಗುತ್ತಾಳೆ. ಎಲ್ಲರದ್ದೂ ಮುಗಿಯುವವರೆಗೆ ದೂರ ನಿಲ್ಲುತ್ತಾಳೆ. ಆ ಬೆಳಿಗ್ಗೆಯೂ ದಿನಸಿ ಅಂಗಡಿಯವನ ಹೆಂಡತಿ, “ಚರಂಡಿ ಕೈ ನಲ್ಲಿಗೆ ತಾಗಿಸ್ಬೇಡ ಕಣೇ, ಮುಂಡೆ” ಎಂದು ಕೊಡವನ್ನು ಕಾಲಿನಿಂದ ಉರುಳಿಸಿದ್ದಳು. ಅವ್ವ ಖಾಲಿ ಕೊಡ ಹೊತ್ತು ಬಂದಿದ್ದಳು.

ಚಿಕ್ಕಪ್ಪ ಮೊಣಕಾಲುದ್ದ ಮಾತ್ರ ತೋಡಿದ. ಬೋರ್ಡಿನ ಕಂಬ ನಿಲ್ಲಿಸಿ, ಒಂದು ಕಲ್ಲೂ ಹಾಕದೆ ಬರೀ ಮಣ್ಣು ಎಳೆದ. ಅವನು ಎಂದೂ ಹೀಗೆ ಕಂಬ ನೆಟ್ಟವನಲ್ಲ. ನಾನು ಬಾಯಿ ತೆರೆಯುವುದರೊಳಗೆ ಕಣ್ಣಲ್ಲೇ ಸುಮ್ಮನಿರಿಸಿದ.

ಮರುದಿನ ಮಟಮಟ ಮಧ್ಯಾಹ್ನ ಬೋರ್ಡು ಕಿತ್ತು ಹೆಗಲ ಮೇಲಿಟ್ಟುಕೊಂಡು ಸೇತುವೆ ದಾಟಿದೆವು. ಕದ್ದುಮುಚ್ಚಿ ಮಾಡುವ ಅಗತ್ಯವೇ ಬೀಳಲಿಲ್ಲ. ನಾವು ಏನನ್ನಾದರೂ ಹೊರುವುದು, ಅಗೆಯುವುದು ಊರಿಗೆ ಹೊಸದಲ್ಲ. ಎದುರಿಗೆ ಸ್ಕೂಟರಿನಲ್ಲಿ ಬಂದ ಗುಮಾಸ್ತರೇ, “ಲೇ, ಬಣ್ಣಕ್ಕೆ ಗೀರು ಬಿದ್ರೆ ಚರ್ಮ ಸುಲೀತೀನಿ” ಎಂದು ಎಚ್ಚರಿಸಿ ಹೋದರು.

ನಮ್ಮ ಕೊನೇ ಮನೆ ದಾಟಿ, ಎದೆಯುದ್ದ ತೋಡಿ, ಕಲ್ಲು ತುಂಬಿ ದಮ್ಮಸ್ಸು ಹೊಡೆದೆವು. ಚಿಕ್ಕಪ್ಪನಿಗೆ ತೃಪ್ತಿಯಾಯಿತು.

ವಾರದೊಳಗೆ ಕಂಟ್ರಾಕ್ಟರ ಬಂದ. ಪೈಪಿನ ಕಾಲುವೆ ತೋಡಿದವರೂ ನಾವೇ. ಬೋರ್ಡಿನ ಬುಡಕ್ಕೆ ನಲ್ಲಿ ಕೂರಿಸಿ, ನೀರು ಬಿಟ್ಟು ನೋಡಿ ಅವನು ಹೊರಟುಹೋದ. ಸುದ್ದಿ ಕೇಳಿ ಗುಮಾಸ್ತರು ಏದುಸಿರು ಬಿಡುತ್ತಾ ಓಡಿ ಬಂದರು.

“ಕಳ್ ನನ್ಮಕ್ಳಾ! ಕೀಳ್ರೋ ಬೋರ್ಡು! ಪೈಪೂ ಅಗೆದು ತೆಗೀರಿ!”

ಯಾರೂ ಗುದ್ದಲಿ ಮುಟ್ಟಲಿಲ್ಲ. ಗುಮಾಸ್ತರೇ ಕಂಬ ತಬ್ಬಿ ಅಲ್ಲಾಡಿಸಿದರು. ಅದು ಮಿಸುಕಲಿಲ್ಲ.

“ಅಗೆಯೋಕೆ ಜನ ಬೇಕು ಸಾಮಿ,” ಚಿಕ್ಕಪ್ಪ ಬೀಡಿ ಹಚ್ಚಿದ. “ಊರಲ್ಲಿ ಆರು ಸಾವಿರದ ನಾನೂರ ಹನ್ನೆರಡು ಜನ ಇದ್ದಾರಲ್ಲ. ಅವರಲ್ಲಿ ಯಾರನ್ನಾದ್ರೂ ಕರ್ಕೊಂಡು ಬನ್ನಿ.”

ಅವ್ವ ಬಂದು ಕೊಡವಿಟ್ಟು ನಲ್ಲಿ ತಿರುಗಿಸಿದಳು. ಗುಮಾಸ್ತರ ಬೂಟಿನ ಮೇಲೆ ನೀರು ಸಿಡಿಯಿತು. ಅವಳು ಕೊಡ ಸರಿಸಲಿಲ್ಲ.