ನಡುದಾರಿಯ ಚನಮಲ್ಲಪ್ಪ

ಮುಂದೆ ಹೋಗುವವನ ಬೆನ್ನು ಕಂಡರೆ ಸಾಕು, ಬನಹಟ್ಟಿಯ ಸೀರೆ ವ್ಯಾಪಾರಿ ಚನಮಲ್ಲಪ್ಪನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಳ್ಳುತ್ತಿತ್ತು. ಆ ಬೆನ್ನು ಬಸ್ಸಿನದಿರಲಿ, ಚಕ್ಕಡಿಯದಿರಲಿ, ಸಂತೆಗೆ ಹೊರಟ ಯಾವನೋ ಮುದುಕನದೇ ಇರಲಿ, ಅದು ತನಗಿಂತ ಹಿಂದೆ ಬೀಳುವವರೆಗೆ ಅವನಿಗೆ ಬಾಯೊಳಗಿನ ಎಲೆ ಅಡಿಕೆ ರುಚಿಸುತ್ತಿರಲಿಲ್ಲ. ನಡಿಗೆಯೂ ಹಾಗೆಯೇ: ಎಡಭುಜವನ್ನು ಮುಂದೆ ಚಾಚಿ ಗುಂಪಿನಲ್ಲಿ ದಾರಿ ಕೊರೆಯುತ್ತ, ನಡುನಡುವೆ ಕತ್ತು ಹೊರಳಿಸಿ, ಹಿಂದುಳಿದವರನ್ನು ಕಂಡು ಸಂತೋಷಪಡುವ ನಡಿಗೆ. ಯಾರನ್ನು ಯಾರು ಹೊಗಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು, "ಅದ್ರಾಗೇನ ಐತಿ?" ನೆರೆಮನೆಯ ಹುಡುಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಮೊದಲು ಬಂದನೆಂದು ಪೇಢೆ ಹಂಚಿದಾಗ, ಆ ಪೇಢೆಯನ್ನು ಬಾಯೊಳಗೆ ಇಟ್ಟುಕೊಂಡೇ ಆ ಮಾತನ್ನು ಆಡಿದ ಪುಣ್ಯಾತ್ಮ!

ಎದುರುಮನೆಯ ವಕೀಲ ವಿಠ್ಠಲರಾಯರು ಅವನ ಜೀವಮಾನದ ಮುಳ್ಳು. ರಾಯರು ಕೋರ್ಟಿಗೆ ಕರಿ ಕೋಟು ಹಾಕಿಕೊಂಡು ಹೊರಟರೆ, ಅಂಗಡಿಯ ಗಾದಿಯ ಮೇಲೆ ಕೂಡ್ರುವ ಚನಮಲ್ಲಪ್ಪನಿಗೂ ಕರಿ ಕೋಟು ಬೇಕಾಯಿತು. ಚೈತ್ರದ ಬಿಸಿಲಿನಲ್ಲಿ ಧೋತರದ ಮೇಲೆ ಆ ಕೋಟು ತೊಟ್ಟು ಬೆವರಿಳಿಸುತ್ತ ಕುಳಿತನೇ ಹೊರತು ಒಂದು ಗುಂಡಿ ಬಿಚ್ಚಲಿಲ್ಲ. ಒಂದೇ ಒಂದು ವಿಷಯದಲ್ಲಿ ಅವನು ರಾಯರಿಗಿಂತ ಮುಂದಿದ್ದ: ಯುದ್ಧ ಮುಗಿದ ಮೇಲೆ ಪುಣೆಯಲ್ಲಿ ಹರಾಜಿಗೆ ಬಂದ ಮಿಲಿಟರಿಯ ಮೋಟರಸೈಕಲ್ಲೊಂದನ್ನು ಊರಿಗೆ ಮೊದಲು ತಂದವನು ಅವನೇ. ಅದನ್ನು ಅವನು ಹೊಡೆಯುತ್ತಿದ್ದದ್ದು ರಸ್ತೆಯ ನಟ್ಟನಡುವೆ. ಸಂಸ್ಥಾನಗಳ ಕಾಲದಲ್ಲಿ ಅರಮನೆಯ ಮೋಟಾರು ಬಂತೆಂದರೆ ಚಕ್ಕಡಿ, ಟಾಂಗಾ, ದನ, ಜನ ಎಲ್ಲವೂ ಮಗ್ಗುಲಿಗೆ ಸರಿದು ಕೈಮುಗಿದು ನಿಲ್ಲಬೇಕಾಗಿತ್ತಲ್ಲ, ಬಾಲ್ಯದಿಂದಲೂ ಆ ನಡುದಾರಿಯ ಮೇಲೆ ಅವನ ಕಣ್ಣು. ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದದ್ದೇ ತಡ, "ರಾಜರು ಹ್ವಾದ್ರು, ನಡುವಿನ ದಾರಿ ಇನ್ನ ನಮ್ಮದ" ಎಂದು ಸಾರಿ, ಎದುರು ಬಂದವರೆಲ್ಲ ತನಗಾಗಿ ಮಗ್ಗುಲಿಗೆ ಸರಿಯಬೇಕೆಂದು ತಿಳಿದುಬಿಟ್ಟ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ!

ಒಮ್ಮೆ ಹೆಂಡತಿ ಕಸ್ತೂರೆವ್ವನನ್ನು ಹಿಂದೆ ಕೂಡಿಸಿಕೊಂಡು ರಬಕವಿಗೆ ಹೊರಟಾಗ, ಎದುರಿಗೆ ಬಂದ ಕಬ್ಬಿನ ಚಕ್ಕಡಿಗೆ ದಾರಿ ಬಿಡಲಿಲ್ಲ. ಚಕ್ಕಡಿಯೂ ಬಿಡಲಿಲ್ಲ. ಕಸ್ತೂರೆವ್ವ ಹೊಸ ಇಳಕಲ್ಲ ಸೀರೆಯ ಸಮೇತ ಕೆಸರಿಗೆ ಬಿದ್ದಳು. ಎದ್ದು ನಿಂತು ಅವಳು ಆಡಿದ್ದು ಎರಡೇ ಮಾತು: "ಸರಕಾರದವರು ಲೈಸೆನ್ಸ್ ಕೊಡೂತನಕಾ ನಾ ನಿಮ್ಮ ಹಿಂದ ಕುಂದ್ರಂಗಿಲ್ಲ. ಪಂಚಮಿಗಿ ಗಲಗಲಿಗಿ ನಮ್ಮಣ್ಣನ ಚಕ್ಕಡ್ಯಾಗ ಹೊಕ್ಕೇನಿ."

ಅಷ್ಟರಲ್ಲಿ ರಾಯರೂ ಮೋಟರಸೈಕಲ್ಲು ಕೊಂಡರು. ಸಾಲದ್ದಕ್ಕೆ, ಹೆಂಡತಿ ಶುಭದಾಬಾಯಿಯವರನ್ನು ಹಿಂದೆ ಕೂಡಿಸಿಕೊಂಡು ಹಗಲು ಹೊತ್ತಿನಲ್ಲೇ ಪೇಟೆಯಲ್ಲಿ ಹಾಯ್ದರು. ಕಸ್ತೂರೆವ್ವ ಹೊಸ್ತಿಲಲ್ಲಿ ನಿಂತು ನೋಡಿ, "ಎಷ್ಟ ಸಾವಕಾಶ ಹೊಂಟಾರ ನೋಡ್ರಿ ರಾಯರು! ಬಾಯಾರು ತೂಗುಮಂಚದ ಮ್ಯಾಲ ಕುಂತಂಗ ಕುಂತಾರ" ಅಂದಳು.

"ಅದ್ರಾಗೇನ ಐತಿ?" ಎಂದ ಚನಮಲ್ಲಪ್ಪನಿಗೆ ಅಂದು ಊಟ ಸೇರಲಿಲ್ಲ. ಶುಭದಾಬಾಯಿ ಮೋಟರಸೈಕಲ್ಲಿನಲ್ಲಿ ಮೆರೆಯುವುದು, ತನ್ನ ಹೆಂಡತಿ ಪಂಚಮಿಗೆ ಚಕ್ಕಡಿಯಲ್ಲಿ ಕುಲುಕುತ್ತ ತವರಿಗೆ ಹೋಗುವುದು! ಶ್ರಾವಣದೊಳಗೆ ಲೈಸೆನ್ಸು ಪಡೆಯದಿದ್ದರೆ ತನ್ನ ಬಾಳುವೆಯೇ ಬಾಳುವೆಯಲ್ಲ ಎನಿಸಿತು.

ಮೋಟಾರು ಇನ್ಸ್‌ಪೆಕ್ಟರರು ತಿಂಗಳಿಗೊಮ್ಮೆ ಜಮಖಂಡಿಗೆ ಬಂದು, ಮುಧೋಳ ರಸ್ತೆಯ ಬೇವಿನ ಮರದ ಕೆಳಗೆ ನಿಂತು ಪರೀಕ್ಷೆ ಮಾಡುತ್ತಿದ್ದರು. ರಾಯರು ಹೋದರು, ಬಂದರು, ಪಾಸಾದರು. ಮರುಗಳಿಗೆಯಲ್ಲಿ ಹೊರಟ ಚನಮಲ್ಲಪ್ಪ ತಿರುವಿನಲ್ಲಿಯೂ ನಡುದಾರಿ ಬಿಡಲಿಲ್ಲ. ಎದುರಿಗೆ ಬಂದ ಬಸ್ಸು ಹೊಲಕ್ಕೆ ಇಳಿಯಿತು.

"ಅಹೋ ಸಾವಕಾರ, ಬಸ್ಸಿಗಿ ದಾರಿ ಎಲ್ಲಿ ಬಿಟ್ರಿ?" ಎಂದರು ಇನ್ಸ್‌ಪೆಕ್ಟರರು.

"ರಾಜರ ಕಾಲ ಹೋತಲ್ರೀ ಸಾಹೇಬರ. ನಡುವಿನ ದಾರಿ ಈಗ ಎಲ್ಲಾರ್ದೂ."

"ಎಲ್ಲಾರ್ದೂ ಅಂದ್ರ ನಿಮ್ಮೊಬ್ಬರ್ದ ಅಲ್ಲ. ಮುಂದಿನ ತಿಂಗಳ ಬರ್ರಿ."

ಮುಂದಿನ ತಿಂಗಳು ಹಟ ತೊಟ್ಟು ರಸ್ತೆಯ ಎಡ ಅಂಚನ್ನೇ ತಬ್ಬಿಕೊಂಡು ಹೊರಟ. ಮಗ್ಗುಲಿನ ಓಣಿಯಿಂದ ಮಜ್ಜಿಗೆಯ ಗಡಿಗೆ ಹೊತ್ತ ಮುದಕವ್ವನೆಂಬ ಮುದುಕಿ ಹೊರಬಿದ್ದಳು. ಅವಳನ್ನು ತಪ್ಪಿಸಲು ಅಂಚಿನಲ್ಲಿ ಎಡೆ ಎಲ್ಲಿದೆ? ಚನಮಲ್ಲಪ್ಪ ಕರಿ ಕೋಟಿನ ಸಮೇತ ಜಾಲಿಕಂಟಿಯೊಳಗೆ ಹೊಕ್ಕ.

"ಎಪ್ಪಾ, ರಸ್ತಾ ಇಷ್ಟ ಅಗಲ ಐತಿ, ನನ್ನ ಕಾಲಾಗ ಬರಬೇಕೇನೋ ನೀ?" ಎಂದಳು ಮುದುಕಿ. ಇನ್ಸ್‌ಪೆಕ್ಟರರು ನಗು ತಡೆಯಲು ಮುಖ ತಿರುಗಿಸಿಕೊಂಡರು.

ಕೈಲಾಗದವನು ಮೈ ಪರಚಿಕೊಳ್ಳುತ್ತಾನೆ. ಚನಮಲ್ಲಪ್ಪ ಅದನ್ನೂ ಮಾಡಿ ನೋಡಿದ. ಕೊನೆಗೆ, ಆ ವಕೀಲ ಅದೇನು ಮಾಟ ಮಾಡುತ್ತಾನೋ ಕಂಡುಹಿಡಿಯುತ್ತೇನೆಂದು, ರಾಯರು ಜಮಖಂಡಿಯ ಕೋರ್ಟಿಗೆ ಹೊರಟಾಗಲೆಲ್ಲ ಅವರ ಹಿಂದೆ ಬಿದ್ದ. ಬೆನ್ನು ಕಂಡರೆ ಉರಿಯುವ ಮನುಷ್ಯ, ಬನಹಟ್ಟಿಯಿಂದ ಜಮಖಂಡಿಯವರೆಗೆ, ಜಗತ್ತಿನಲ್ಲಿ ತಾನು ಅತ್ಯಂತ ದ್ವೇಷಿಸುವ ಬೆನ್ನನ್ನೇ ನೋಡುತ್ತ ಹೋಗಬೇಕಾಯಿತು! ನೋಡಿದ, ಮೈಯೆಲ್ಲ ಕಣ್ಣಾಗಿ ನೋಡಿದ. ರಾಯರು ನೆಟ್ಟಗಿನ ರಸ್ತೆಯಲ್ಲಿ ಎಡಗಡೆಯ ಗಾಲಿಜಾಡು ಹಿಡಿಯುತ್ತಿದ್ದರು. ಅಂಚಿನಿಂದ ಬಂದವರಿಗೂ ಎಡೆ, ಎದುರಿಗೆ ಬಂದವರಿಗೂ ಎಡೆ. ಎರಡು ಜಾಡುಗಳ ನಡುವೆ ಎತ್ತುಗಳು ತುಳಿಯುವಲ್ಲಿ ಸೆಗಣಿ, ಉದುರಿದ ಲಾಳದ ಮೊಳೆ. ತನ್ನ ಟಾಯರು ಮೇಲಿಂದ ಮೇಲೆ ಪಂಕ್ಚರ್ ಆಗುವುದೇಕೆಂದು ಚನಮಲ್ಲಪ್ಪನಿಗೆ ಆಗ ಹೊಳೆಯಿತು. ಹೊಳೆದದ್ದಕ್ಕೂ ರಾಯರ ಮೇಲೆಯೇ ಸಿಟ್ಟು ಬಂತು. ಮುಂದೆ ಚಕ್ಕಡಿಯಿದ್ದರೆ ದೂರದಿಂದಲೇ ಕೊಂಚ ಬಲಕ್ಕೆ ಸರಿದು, ಎದುರಿನ ದಾರಿ ಬರಿದಾಗಿದೆಯೆಂದು ಕಂಡ ಮೇಲೆ ದಾಟಿ, ಮತ್ತೆ ತಮ್ಮ ಜಾಡಿಗೆ ಮರಳುವರು. ಬಸ್ಸಿನ ಡ್ರೈವರು ರಾಯರಿಗೆ ಕೈಯೆತ್ತಿ ಸಲಾಮು ಮಾಡಿದ. ಡ್ರೈವರುಗಳಿಂದ ಬೈಗುಳವನ್ನಷ್ಟೇ ಉಂಡವನಿಗೆ ಆ ಸಲಾಮು ಎದೆಗೆ ನಾಟಿತು.

ಮೂರನೆಯ ಸಲ ಪರೀಕ್ಷೆಗೆ ನಿಂತಾಗ ರಸ್ತೆ ಬರಿದಾಗಿತ್ತು. ಚನಮಲ್ಲಪ್ಪನಿಗೆ ಮಾತ್ರ ಮುಂದೆ ರಾಯರ ಬೆನ್ನು ಕಾಣುತ್ತಿತ್ತು. ಅದು ಸರಿದಲ್ಲಿ ಸರಿದ, ನಿಧಾನಿಸಿದಲ್ಲಿ ನಿಧಾನಿಸಿದ.

"ಶಾಬಾಸ್! ಯಾರ ಕಡೆ ಕಲತ್ರಿ?" ಎಂದರು ಇನ್ಸ್‌ಪೆಕ್ಟರರು.

"ಯಾರ ಕಡೆನೂ ಇಲ್ರೀ. ಅದ್ರಾಗೇನ ಐತಿ?"

ಪಂಚಮಿಯ ಹಿಂದಿನ ದಿನ ಕಸ್ತೂರೆವ್ವ ಹಬ್ಬಕ್ಕೆ ಕಟ್ಟಿದ ಉಂಡಿಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಕೊಟ್ಟ ಮಾತಿನಂತೆ ಗಂಡನ ಹಿಂದೆ ಕುಳಿತಳು. ಚಕ್ಕಡಿಗಳಿಗೆ ದಾರಿ ಬಿಟ್ಟ, ಬಸ್ಸಿಗೆ ದಾರಿ ಬಿಟ್ಟ, ಕುರಿಹಿಂಡಿಗೂ ನಿಂತ. ಒಬ್ಬ ಡ್ರೈವರು ಕೈಯನ್ನೂ ಎತ್ತಿದ. ಗಲಗಲಿಯ ಹೊಳೆ ಕಂಡಾಗ, ಒಂದು ಉಂಡಿಯೂ ಒಡೆಯದ ಬುಟ್ಟಿಯನ್ನು ನೋಡಿಕೊಂಡು ಕಸ್ತೂರೆವ್ವ ಗಂಡನ ಭುಜದ ಮೇಲೆ ಕೈಯಿಟ್ಟಳು. ಇಷ್ಟು ದಿನ ಅವನು ಕಾದದ್ದು ಆ ಕೈಗಾಗಿಯೇ.

"ಭಾಳ ಛಲೋ ಹೊಡದ್ರಿ," ಅಂದಳು ಅವಳು, ಮನಸಾರೆ. "ಥೇಟ್ ವಿಠ್ಠಲರಾಯರ ಹಾಂಗ."

"ಅದ್ರಾಗೇನ..." ಎಂದು ಬಾಯಿ ತೆರೆದ ಚನಮಲ್ಲಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ಆ ಮಾತು ಪೂರ್ತಿಯಾಗಲಿಲ್ಲ. ಅದರಲ್ಲಿ ಏನೇನಿದೆಯೆಂದು ಈಗ ಅವನಿಗೆ ಗೊತ್ತಿತ್ತು. ಬನಹಟ್ಟಿಯಲ್ಲಿ ಅವನಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಮತ್ಸರಿಗಳನ್ನು ನಾವು ಸುಲಭವಾಗಿ ಹಳಿಯುತ್ತೇವೆ. ಆದರೆ ಗುಣವೆಂಬುದನ್ನು ಅವರಷ್ಟು ನಿಷ್ಠೆಯಿಂದ ಹುಡುಕುವವರು ಯಾರಿದ್ದಾರೆ? ಸ್ನೇಹಿತರು ನಮ್ಮನ್ನು ಕಂಡೂ ಕಾಣದಂತೆ ಇರುತ್ತಾರೆ, ಮನೆಯವರಿಗೆ ನಾವು ರೂಢಿಯಾಗಿ ಹೋಗಿರುತ್ತೇವೆ. ನಮ್ಮಲ್ಲಿರುವ ಒಳಿತು ಒಂದಿಷ್ಟೂ ಬಿಡದೆ ತಿಳಿದಿರುವುದು, ಅದನ್ನು ಕಂಡು ಊಟ ಬಿಟ್ಟವನೊಬ್ಬನಿಗೆ. ವಿಠ್ಠಲರಾಯರ ಬೆನ್ನನ್ನು, ಅದಕ್ಕೆ ಆತುಕೊಂಡು ಕೂಡ್ರುತ್ತಿದ್ದ ಶುಭದಾಬಾಯಿಯವರೂ ಅಷ್ಟು ಕಣ್ಣಿಟ್ಟು ನೋಡಿರಲಿಕ್ಕಿಲ್ಲ.