ಐಸ್ ಶೆಡ್ಡಿನ ಸಾಕ್ಷಿ

ಮಮ್ಮಾಲಿ ಕಾಕನ ಬೆರಳ ತುದಿಗಳು ಯಾವತ್ತೋ ಸತ್ತಿದ್ದವು. ಬಿಸಿ ಚಹಾದ ಲೋಟ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಕೊಲ್ಲಿ ದೇಶದ ಮಂಗಫ್‌ನ ಬೀದಿಯಲ್ಲಿ ಡಾಮರು ಮೆತ್ತಗಾಗುವ ಬಿಸಿಲಿರುವಾಗ, ಅವರೂ ಅವರ ಕೆಲಸದಾಳು ಭೋಜನಾದ ನಾನೂ ಶೆಡ್ಡಿನೊಳಗೆ ಉಣ್ಣೆಯ ಟೋಪಿ ಹಾಕಿಕೊಂಡು ಐಸ್ ಒಡೆಯುತ್ತಿದ್ದೆವು. ಮೀನು ಮಾರುವ ನಮ್ಮ ಕಡೆಯವರೆಲ್ಲ ನಮ್ಮಿಂದಲೇ ಒಯ್ಯುತ್ತಿದ್ದರು. ಕೈಯಲ್ಲಿ ಕಾಸಿಲ್ಲದ ದಿನವೂ ಒಯ್ಯುತ್ತಿದ್ದರು. ಇಲ್ಲ ಎನ್ನಲು ಕಾಕನಿಗೆ ಬರುತ್ತಿರಲಿಲ್ಲ.

ಆಮೇಲೆ ಒಂದು ದೊಡ್ಡ ಕಂಪೆನಿ ಬಂತು. ಸುತ್ತಲಿನ ಐಸ್ ಫ್ಯಾಕ್ಟರಿಗಳನ್ನು ಒಂದೊಂದಾಗಿ ಕೊಂಡಿತು. ಕೊಡಲು ಒಪ್ಪದವರ ಎದುರಿಗೇ ಅರ್ಧ ರೇಟಿಗೆ ಐಸ್ ಮಾರಿತು. ಅವರು ಬಾಗಿಲು ಹಾಕಿ ಊರಿಗೆ ಹೋದ ಮೇಲೆ ರೇಟು ಏರಿಸಿತು. ಉಳಿದದ್ದು ನಾವು. ನಮಗೆ ನೀರು ಕೊಟ್ಟರೆ ತನ್ನ ಫ್ಯಾಕ್ಟರಿಗಳ ಕಡೆ ತಲೆ ಹಾಕಬೇಡಿ ಎಂದು ಟ್ಯಾಂಕರಿನವರಿಗೆ ಹೇಳಿತು. ನಮಗೆ ಟ್ಯಾಂಕರ್ ಬರುವುದು ನಿಂತಿತು. ಮಾರುಕಟ್ಟೆಯಲ್ಲಿ ಬಡವರ ಬುಟ್ಟಿಯ ಮೀನು ಕೊಳೆಯತೊಡಗಿತು.

ಇಂಥ ಏಕಸ್ವಾಮ್ಯ ತಡೆಯಲೆಂದೇ ಒಂದು ಹೊಸ ಕಾನೂನು, ಒಂದು ಸರಕಾರಿ ಕಚೇರಿ ಇದ್ದವು. ಕಚೇರಿ ಕಂಪೆನಿಗೆ ದಂಡ ಹಾಕಿತು. ಆ ದಿನ ಕಾಕ ಎಲ್ಲರಿಗೂ ಹಲ್ವಾ ಹಂಚಿದರು. ಕಂಪೆನಿ ಕೋರ್ಟಿಗೆ ಹೋಯಿತು. ಕಾನೂನು ಇರುವುದು ವ್ಯಾಪಾರಕ್ಕೆ, ಐಸ್ ತಯಾರಿಸುವುದು ವ್ಯಾಪಾರವಲ್ಲ, ಫ್ಯಾಕ್ಟರಿ ಕೊಳ್ಳುವುದನ್ನು ಯಾರೂ ತಡೆಯುವಂತಿಲ್ಲ ಎಂದು ವಾದಿಸಿತು. ಅಷ್ಟೇ ಅಲ್ಲ, ತನ್ನಿಂದ ನಷ್ಟವಾದ ಒಬ್ಬ ವ್ಯಾಪಾರಿಯನ್ನು ತೋರಿಸಿ ಎಂದಿತು. ತೋರಿಸಲು ಉಳಿದವರು ಕಾಕ ಒಬ್ಬರೇ.

ಕಷ್ಟ ಇದ್ದದ್ದೂ ಅಲ್ಲೇ. ಹೆಂಡತಿ ಸೈನಬಾಳ ಬಳೆ ಮಾರಿ ಯಂತ್ರ ಕೊಂಡದ್ದು ಕಾಕ. ಲೈಸೆನ್ಸ್ ಮಾತ್ರ ಕಫೀಲನ, ಅಂದರೆ ವೀಸಾ ಕೊಟ್ಟ ಅರಬಿಯ ಹೆಸರಿನಲ್ಲಿ. ಇಲ್ಲಿ ನಮ್ಮಂಥವರ ಅಂಗಡಿಗಳು ಹೆಚ್ಚಾಗಿ ಹಾಗೆಯೇ. ತಿಂಗಳು ತಿಂಗಳು ಕಫೀಲನಿಗೆ ಕಪ್ಪ ಕೊಡುವುದು, ದಾಖಲೆಯಲ್ಲಿ ಅವನ ಕೂಲಿಯಾಗಿರುವುದು. ಕಂಪೆನಿ ಆ ಕಫೀಲನನ್ನು ಮೊದಲೇ ಕಂಡು ಬಂದಿತ್ತು. ತನಗೇನೂ ನಷ್ಟವಾಗಿಲ್ಲ ಎಂದು ಅವನು ಬರೆದುಕೊಟ್ಟಿದ್ದ. ಅಂಗಡಿ ಕಫೀಲನದ್ದು ಎಂದು ಕಾಕ ಹೇಳಿದರೆ ಕೇಸು ಬಿದ್ದುಹೋಗುತ್ತದೆ. ತನ್ನದು ಎಂದರೆ, ಇನ್ನೊಬ್ಬರ ಲೈಸೆನ್ಸಿನಲ್ಲಿ ವ್ಯಾಪಾರ ಮಾಡಿದ ತಪ್ಪಿಗೆ ಇಲ್ಲಿ ಇರಲು ಕೊಟ್ಟ ಇಕಾಮಾ ರದ್ದಾಗಿ ಗಡಿಪಾರು.

ಸಾಕ್ಷಿ ಹೇಳಲು ಹೋಗಬೇಡಿ ಎಂದು ನಾನು ಕಾಲು ಹಿಡಿದೆ. ಮೀನಿನವರೂ ಬೇಡವೆಂದರು. ತಾನು ಬಾಯಿ ಮುಚ್ಚಿ ಕೂತರೆ ನಾಳೆ ನಿಮ್ಮ ಬುಟ್ಟಿಗೂ ಇದೇ ಗತಿ ಎಂದು ಕಾಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ನಾನೂ ಹಿಂದೆ ಹೋದೆ.

ಕಂಪೆನಿಯ ವಕೀಲ ಕೇಳಿದ್ದು ಒಂದೇ ಪ್ರಶ್ನೆ, ಆ ಅಂಗಡಿ ಯಾರದ್ದು ಎಂದು. ದುಭಾಷಿ ಲತೀಶ್ ಕಾಸರಗೋಡಿನವನು. ನಮ್ಮ ಭಾಷೆಯಲ್ಲೇ ಕೇಳಿದ.

“ನನ್ನದು,” ಎಂದರು ಕಾಕ.

ಲತೀಶನ ಮುಖ ಬಿಳುಚಿತು. “ಕಾಕ, ಸರಿ ಆಲೋಚನೆ ಮಾಡಿ. ನಾನು ಅರಬಿಯಲ್ಲಿ ಹೇಳಿದ ಮೇಲೆ ವಾಪಸ್ ತೆಗೀಲಿಕ್ಕೆ ಆಗುವುದಿಲ್ಲ.”

“ಹೇಳು ಮಗಾ. ಕಫೀಲ ಸತ್ಯವೇ ಬರೆದಿದ್ದಾನೆ, ಅವನಿಗೆ ಎಂತ ನಷ್ಟವೂ ಆಗ್ಲಿಲ್ಲ. ಆದದ್ದು ನನಗೆ. ಅಂಗಡಿ ನನ್ನದು.”

ತೀರ್ಪು ಬಂತು. ಐಸ್ ತಯಾರಿಕೆ ವ್ಯಾಪಾರವಲ್ಲ, ಈ ಕಾನೂನು ಅದನ್ನು ಮುಟ್ಟುವಂತಿಲ್ಲ. ಸಾಕ್ಷಿ ಕಳ್ಳ ವ್ಯಾಪಾರಿ, ಅವನ ನಷ್ಟ ನಷ್ಟವಲ್ಲ. ದಂಡ ರದ್ದು. ಅದೇ ಐಸನ್ನು ಕಂಪೆನಿ ಮಾಡಿದರೆ ವ್ಯಾಪಾರವಲ್ಲ, ಕಾಕ ಮಾಡಿದರೆ ಕಳ್ಳ ವ್ಯಾಪಾರ. ಈ ನ್ಯಾಯಕ್ಕಿಷ್ಟು ಬೆಂಕಿ ಹಾಕ.

ಗಡಿಪಾರಿಗೆ ಮುಂಚೆ ಕಂಬಿಯಾಚೆ ಕಾಕ ಸಿಕ್ಕರು. ಶೆಡ್ಡಿಗೆ ಬೀಗ ಬಿದ್ದದ್ದನ್ನು ನಾನು ಹೇಳುವ ಮೊದಲೇ ಕೇಳಿದರು, “ಭೋಜ, ಅಂಗಡಿ ನನ್ನದು ಅಂತ ಹೇಳಿದ್ದನ್ನು ಬರಕೊಂಡಿದ್ದಾರಾ?”

ಬರೆದಿದ್ದಾರೆ ಎಂದೆ. ಗಡಿಪಾರಿನ ಆದೇಶದಲ್ಲೇ ಇತ್ತು, ಐಸ್ ಅಂಗಡಿಯ ಮಾಲೀಕ ಮಮ್ಮಾಲಿ ಎಂದು. ಈ ದೇಶದ ಕಾಗದದಲ್ಲಿ ಅವರನ್ನು ಮಾಲೀಕ ಎಂದು ಬರೆದದ್ದು ಅದೇ ಮೊದಲು. ಕಾಕನ ಮುಖ ಅರಳಿದ್ದು ಕಂಡು ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

“ಅಳಬೇಡ ಮಾರಾಯ. ನೀನು ಆ ಕಂಪೆನಿಗೇ ಸೇರು. ಐಸಿನ ಕೆಲಸ ಈಗ ಬೇರೆ ಎಲ್ಲಿ ಉಂಟು?”

ಎಲ್ಲೂ ಇರಲಿಲ್ಲ. ಸೇರಿದೆ.