ಎರಡು ಬಕೆಟ್ ನೀರು

ನೀರು ಕೊರಳಪಟ್ಟಿಯಿಂದ ಒಳಗಿಳಿದು ಕಾಲ್ಚೀಲ ಸೇರುವ ಹೊತ್ತಿಗೆ ಪೆಟ್ರೋಲಪ್ಪನ ಪಿತ್ತ ನೆತ್ತಿಗೇರಿತ್ತು. ಒಂದು ಬಕೆಟ್ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದನೇನೋ. ನಾದಿನಿ ಎರಡನೆಯದನ್ನೂ ಎತ್ತಿ ಸರಿಯಾಗಿ ಮುಖಕ್ಕೇ ಎರಚಿದ್ದಳು. ಇಂಧನ ತುಂಬಿಸಿಕೊಂಡ ರೇಸ್ ಕಾರು, ಇಂಧನಕ್ಕೂ ಟೈರಿಗೂ ನಿಲ್ಲುವ ಜಾಗವಾದ ಪಿಟ್ ಬಿಟ್ಟು ಆಗಲೇ ಹೊರಟುಹೋಗಿತ್ತು. ಟೈರಿನವರು ಮೂವರೂ ಕೈಯಲ್ಲಿದ್ದ ಕೆಲಸ ಬಿಟ್ಟು ಇವನನ್ನೇ ನೋಡುತ್ತಿದ್ದರು.

"ಕೈ ಅಲ್ಲಾಡಿಸಿ ಬೇಡ ಅಂತ ಹೇಳಲಿಲ್ವಾ? ಇದೇನು ಪಿಟ್ಟೋ, ಬಚ್ಚಲುಮನೆಯೋ?"

"ಮೊದಲು ಕೂತ್ಕೊಳ್ಳಿ ಭಾವ," ಎಂದಳು ನಾದಿನಿ. ಖಾಲಿ ಬಕೆಟ್ಟನ್ನು ಅವನ ಮುಂದೆ ಬೋರಲು ಹಾಕಿದಳು.

ಅವಳು ಅವನ ಹೆಂಡತಿಯ ತಂಗಿ. ದೊಡ್ಡ ಲಾಂಡ್ರಿಯೊಂದರಲ್ಲಿ ಹನ್ನೆರಡು ವರ್ಷ ಇಸ್ತ್ರಿ ಮಾಡಿದವಳು. ಲಾಂಡ್ರಿ ಮುಚ್ಚಿದಾಗ, ಹೆಂಡತಿಯ ಕಾಟ ತಡೆಯಲಾರದೆ, ಅವಳನ್ನು ರೇಸಿನ ತಂಡಕ್ಕೆ ಸೇರಿಸಿದವನೂ ಇವನೇ. ಆಗ ಅವಳ ಕೆಲಸ ಏನಿರುತ್ತದೆಂದು ಇವನಿಗೆ ಗೊತ್ತಿರಲಿಲ್ಲ.

ಮೂವತ್ತು ವರ್ಷ ರೇಸಿನ ಕಾರುಗಳಿಗೆ ಪೆಟ್ರೋಲ್ ತುಂಬಿದವನಿಗೆ ಪೆಟ್ರೋಲಪ್ಪ ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತ್ತು. ಡ್ರಮ್ಮಿನ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಸಾಕು, ಒಳಗಿನ ಮಾಲಿನ ಜಾತಕ ಹೇಳುತ್ತಿದ್ದ. ಈ ವರ್ಷ ರೇಸ್ ನಡೆಸುವವರು ಪೆಟ್ರೋಲಿಗೆ ಕೈಮುಗಿದು, ಮರದ ಚೂರುಗಳಿಂದ ತಯಾರಾದ ಮೆಥನಾಲ್ ಎಂಬ ಮದ್ಯಸಾರ ತಂದರು. "ನೋಡ್ರಪ್ಪ, ನಮ್ಮ ಕಾರೂ ಕುಡಿಯೋಕೆ ಶುರು ಮಾಡ್ತು," ಎಂದು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ನಕ್ಕಿದ್ದ.

ಹೊಸ ನಿಯಮಗಳ ಪಟ್ಟಿ ಬಂದ ಮೇಲೆ ಆ ನಗು ನಿಂತಿತು. ಪ್ರತಿ ಸಲ ಇಂಧನ ತುಂಬಿ ಪೈಪ್ ಕಳಚಿದ ಕೂಡಲೇ, ಪಕ್ಕದಲ್ಲಿ ಬಕೆಟ್ ಹಿಡಿದು ನಿಂತವರು ಟ್ಯಾಂಕಿನ ಬಾಯಿಗೂ ತುಂಬುವವನ ಎದೆಗೂ ನೀರು ಎರಚಬೇಕು. ಪೆಟ್ರೋಲಿನ ಬೆಂಕಿಗೆ ನೀರು ಹಾಕಿದರೆ ಅದು ನೀರಿನ ಮೇಲೆಯೇ ಸವಾರಿ ಮಾಡಿಕೊಂಡು ನಾಲ್ಕೂ ಕಡೆ ಹರಡುತ್ತದೆ. ಎಷ್ಟೋ ಹೊಸಬರಿಗೆ ಕಿವಿ ಹಿಂಡಿ ಕಲಿಸಿದ ಪಾಠ ಇದು. ಮೆಥನಾಲ್ ಹಾಗಲ್ಲ, ನೀರಿನಲ್ಲಿ ಬೆರೆತು ಆರಿಹೋಗುತ್ತದೆ, ಹಗಲಲ್ಲಿ ಅದರ ಉರಿ ಕಣ್ಣಿಗೆ ಬೀಳುವುದಿಲ್ಲ ಎಂದೆಲ್ಲ ತರಬೇತಿಯಲ್ಲಿ ಹೇಳಿದ್ದರು. ಕಾಣದ ಬೆಂಕಿಯಂತೆ! ಅವನು ಹಿಂದಿನ ಸಾಲಿನಲ್ಲಿ ಕೂತು ಹಾಯಾಗಿ ತೂಕಡಿಸಿದ್ದ.

ಪ್ರತಿ ರೇಸಿನಲ್ಲೂ ಎಲ್ಲರ ಎದುರು ತೊಯ್ದು ತೊಪ್ಪೆಯಾಗಬೇಕು, ಅದೂ ಸ್ವಂತ ನಾದಿನಿಯ ಕೈಯಿಂದ. ಟೈರಿನವರು ಅವಳನ್ನು ನೀರಕ್ಕ ಎನ್ನುತ್ತಿದ್ದರು. ಇವನಿಗೆ ಸೋಪು ಬೇಕೇ ಎಂದು ಕೇಳುತ್ತಿದ್ದರು. ಕೊನೆಗೆ ಇಂದು ಬೆಳಿಗ್ಗೆ ಅವನು ತಂಡದ ಮ್ಯಾನೇಜರಿಗೆ ಒಂದು ಚೀಟಿ ಬರೆದು ಕೊಟ್ಟಿದ್ದ. ನೀರಿನಿಂದ ನೆಲ ಜಾರುತ್ತದೆ, ಬಕೆಟ್ಟಿನವರನ್ನು ತೆಗೆಯಿರಿ, ಬೆಂಕಿ ಬಿದ್ದರೆ ನೋಡಿಕೊಳ್ಳಲು ನನಗೆ ಎರಡು ಕಣ್ಣಿವೆ ಎಂದು. ರೇಸ್ ಮುಗಿಯಲಿ ನೋಡೋಣ ಎಂದು ಮ್ಯಾನೇಜರ್ ಅದನ್ನು ಜೇಬಿಗೆ ಹಾಕಿಕೊಂಡಿದ್ದರು.

ಈಗ ಬೈಯಲು ಇನ್ನೊಮ್ಮೆ ಬಾಯಿ ತೆರೆದವನು, ಅಂಟಿಕೊಂಡಿದ್ದ ಕೊರಳಪಟ್ಟಿಯನ್ನು ಸಡಿಲಿಸಲು ಕೈ ಹಾಕಿದ. ಪಟ್ಟಿಯ ಎಡಭಾಗ ಕಪ್ಪು ಹುಡಿಯಾಗಿ ಕೈಗೇ ಬಂತು.

"ಪೆಟ್ರೋಲಪ್ಪ," ಎಂದ ಟೈರಿನವರಲ್ಲಿ ಹಿರಿಯ, ಮೆಲ್ಲಗೆ, "ನಿನ್ನ ಗಡ್ಡ."

ಎಡಗೆನ್ನೆ ಮುಟ್ಟಿಕೊಂಡ. ಇಪ್ಪತ್ತು ವರ್ಷದ ಗಡ್ಡ ಅರ್ಧ ಇರಲಿಲ್ಲ. ಸೆಕೆಯೆಂದು ಅವನೇ ಮುಖದ ಬಟ್ಟೆಯನ್ನು ಗಲ್ಲದ ಕೆಳಗೆ ಎಳೆದುಕೊಂಡಿದ್ದ. ಮೂರು ಪದರದ ಅಂಗಿಯೊಳಗೆ ಬಿಸಿ ಇಳಿಯುವ ಮೊದಲೇ ನೀರು ಬಿದ್ದಿತ್ತು. ಕತ್ತು ಚುರುಗುಟ್ಟಲು ಶುರುವಾದದ್ದೇ ಆಗ. ಅವಳು ಬೋರಲು ಹಾಕಿಕೊಟ್ಟ ಬಕೆಟ್ಟಿನ ಮೇಲೆಯೇ ಅವನು ಕುಳಿತ.

"ನಿನಗೆ ಉರಿ ಕಾಣ್ತಾ?"

"ಉರಿ ಎಲ್ಲಿ ಕಾಣತ್ತೆ ಭಾವ? ನಿಮ್ಮ ಹೆಗಲ ಹಿಂದೆ ಗೋಡೆ ಅಲುಗಾಡ್ತಾ ಇತ್ತು. ಕಾದ ಇಸ್ತ್ರಿಪೆಟ್ಟಿಗೆ ಮೇಲೆ ಹೀಗೇ ಅಲುಗಾಡತ್ತೆ. ಹನ್ನೆರಡು ವರ್ಷ ಅದನ್ನೇ ತಾನೆ ನೋಡಿದ್ದು?"

ಡಾಕ್ಟರು ಬಂದು ಕತ್ತಿಗೆ ಮುಲಾಮು ಹಚ್ಚಿ, ಇಷ್ಟರಲ್ಲೇ ಹೋಯಿತು ಬಿಡಿ ಎಂದರು. ಅವನು ತಲೆಯಾಡಿಸಿದ. ಆದರೆ ಕತ್ತಿನ ಉರಿಗಿಂತ ಜೋರಾಗಿ ಸುಡುತ್ತಿದ್ದದ್ದು ಆ ಚೀಟಿ. ಬ್ಯಾಂಡೇಜಿನ ಗಂಟು ಹಾಕಿ ಮುಗಿಯುವುದಕ್ಕೂ ಬಿಡದೆ ಎದ್ದು ಮ್ಯಾನೇಜರ ಮುಂದೆ ಹೋಗಿ ನಿಂತ.

"ಸಾರ್, ಬೆಳಿಗ್ಗೆ ಕೊಟ್ಟಿದ್ದು ವಾಪಸ್ ಕೊಡಿ."

ಮ್ಯಾನೇಜರ್ ಚೀಟಿಯನ್ನು ಜೇಬಿನಿಂದ ತೆಗೆದುಕೊಟ್ಟರು. ಅದನ್ನು ನಾಲ್ಕಾಗಿ, ಎಂಟಾಗಿ ಹರಿದು, ನಲ್ಲಿಯ ಹತ್ತಿರ ಬಕೆಟ್ ತುಂಬಿಸುತ್ತಿದ್ದ ನಾದಿನಿಯ ಬಳಿಗೆ ಬಂದ. ಕಾರು ಇನ್ನೊಮ್ಮೆ ಬರುವುದಿತ್ತು. ಅವಳು ತನ್ನ ಕೆಲಸದಲ್ಲಿದ್ದಳು.

"ನಿನ್ನ ಮೇಲೆ ನಾನು..." ಎಂದು ಶುರು ಮಾಡಿದ.

"ಗೊತ್ತು ಭಾವ. ಮ್ಯಾನೇಜರು ಬೆಳಿಗ್ಗೆಯೇ ಕರೆದು ಓದಿಸಿದ್ರು."

"ಓದಿಯೂ ಹಾಕಿದ್ಯಾ?"

"ಹಾಕದೆ? ಸುಟ್ಟ ಭಾವನ್ನ ತಗೊಂಡು ಹೋಗಿ ಅಕ್ಕನ ಎದುರು ನಿಲ್ಲೋಕಾಗತ್ತಾ?" ಎಂದು ನಲ್ಲಿ ತಿರುಗಿಸಿದಳು. ಮುಖ ಮಾತ್ರ ಈ ಕಡೆ ತಿರುಗಿಸಲಿಲ್ಲ. "ಎರಡನೇದು ಮಾತ್ರ ಆ ಚೀಟಿಗೆ ಅಂತ ಇಟ್ಕೊಳ್ಳಿ."

ಅವನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಹೇಗಿದ್ದರೂ ಮುಖವೆಲ್ಲ ಒದ್ದೆಯಾಗಿತ್ತು, ಯಾರಿಗೂ ತಿಳಿಯಲಿಲ್ಲ. ಆ ಸಂಜೆ ಮನೆಯಲ್ಲಿ ಹೆಂಡತಿ, ಉಳಿದರ್ಧ ಗಡ್ಡವನ್ನೂ ತಾನೇ ಬೋಳಿಸಿ, ಬೋಳು ಕೆನ್ನೆಯ ಮೇಲೆ ತುಂಬ ಹೊತ್ತು ಕೈಯಿಟ್ಟುಕೊಂಡು ಕುಳಿತಿದ್ದಳು.

ಎರಡು ವಾರದ ನಂತರದ ರೇಸಿನಲ್ಲಿ, ಮಧ್ಯಾಹ್ನದ ಬಿಸಿಲಿಗೆ ಕಾರು ಪಿಟ್ಟಿಗೆ ಬಂತು. ಪೆಟ್ರೋಲಪ್ಪ ಮುಖದ ಬಟ್ಟೆಯನ್ನು ಮೂಗಿನವರೆಗೆ ಎಳೆದುಕೊಂಡು ಇಂಧನ ತುಂಬಿದ, ಪೈಪ್ ಕಳಚಿದ, ಎರಡು ಹೆಜ್ಜೆ ಹಿಂದೆ ಸರಿದ. ಕಾರು ಗುಡುಗಿಕೊಂಡು ಹೊರಟಿತು. ಎಲ್ಲೂ ಏನೂ ಉರಿಯುತ್ತಿರಲಿಲ್ಲ, ಅಥವಾ ಹಾಗೆ ಕಾಣುತ್ತಿತ್ತು. ಟೈರಿನವರು ನೋಡುತ್ತಿದ್ದಂತೆ ಅವನು ನಾದಿನಿಯ ಕಡೆಗೆ ತಿರುಗಿದ. ಅಮ್ಮ ತಂಬಿಗೆ ಎತ್ತುವುದನ್ನು ಕಾಯುವ ಮಗುವಿನಂತೆ ಕಣ್ಣು ಮುಚ್ಚಿ, ಎರಡೂ ತೋಳು ಅಗಲಿಸಿ, ನೀರು ಬೀಳುವವರೆಗೂ ಹಾಗೆಯೇ ನಿಂತಿದ್ದ.